ಒಡಂಬಡಿಕೆಯೂ ಸಾಕ್ಷಿಯೂ: ಇಸ್ಲಾಮಿನ ಮಾನವದರ್ಶನವನ್ನು ನಾವು ಬೋಧಿಸುವ ರೀತಿಯ ವಿಮರ್ಶೆ

ಇಸ್ಲಾಮಿನ ಮಾನವದರ್ಶನದ ಬಗ್ಗೆ ನಮ್ಮ ತರಗತಿಗಳಲ್ಲಿಯೂ ಪ್ರಸಂಗಗಳಲ್ಲಿಯೂ ಒಂದು ತೀರ್ಪು ಬಹುಕಾಲದಿಂದ ಚಲಾವಣೆಯಲ್ಲಿದೆ. ಇಸ್ಲಾಮಿಗೆ ಮೂಲಪಾಪದ ಬೋಧೆಯಿಲ್ಲ. ಮನುಷ್ಯನು ನಿರ್ಮಲನಾಗಿ ಹುಟ್ಟುತ್ತಾನೆಂದು ಅದು ನಂಬುತ್ತದೆ. ಆದುದರಿಂದ ಅದು ಪೆಲಾಗಿಯನ ತಪ್ಪಿನ ಮತ್ತೊಂದು ರೂಪ, ಎಂಬುದೇ ಆ ತೀರ್ಪು. ಮೊದಲೆರಡು ಮಾತುಗಳಲ್ಲಿ ಸತ್ಯವಿದೆ. ಮೂರನೆಯದು ಅವಸರದ್ದು. ಪೆಲಾಗಿಯನು ಎತ್ತಿದ ಪ್ರಶ್ನೆ ಸಂಕಲ್ಪದ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು; ಕುರ್‌ಆನ್ ಇಲ್ಲಿ ಎತ್ತುವ ಪ್ರಶ್ನೆ ಸ್ಮರಣೆಗೆ ಸಂಬಂಧಿಸಿದ್ದು.

ಏಳನೆಯ ಅಧ್ಯಾಯದ 172ನೆಯ ವಚನವನ್ನೇ ನೋಡೋಣ. ದೇವರು ಆದಮನ ಮಕ್ಕಳ ಬೆನ್ನುಗಳಿಂದ ಅವರ ಸಂತತಿಯನ್ನು ಹೊರತೆಗೆದು, ಅವರನ್ನು ಅವರ ಮೇಲೆಯೇ ಸಾಕ್ಷಿಗಳನ್ನಾಗಿ ನಿಲ್ಲಿಸಿ, ತಾನು ಅವರ ಒಡೆಯನಲ್ಲವೇ ಎಂದು ಕೇಳುತ್ತಾನೆ. ಅವರು ಹೌದೆಂದು ಸಾಕ್ಷಿ ನುಡಿಯುತ್ತಾರೆ. ಅಂತ್ಯದಿನದಲ್ಲಿ ತಿಳಿದಿರಲಿಲ್ಲವೆಂಬ ನೆಪ ಉಳಿಯಬಾರದೆಂಬುದು ಅದರ ಉದ್ದೇಶ. ತಂದೆತಾತಂದಿರನ್ನು ದೂರುವ ದಾರಿಯನ್ನೂ ಮುಂದಿನ ವಚನ ಮುಚ್ಚುತ್ತದೆ. ಇದನ್ನೇ ಮೀಸಾಕ್ ಎಂದು ಕರೆಯುತ್ತಾರೆ. 12ನೆಯ ಶತಮಾನದ ವ್ಯಾಖ್ಯಾನಕಾರ ಝಮಖ್ಶರಿ ಇದನ್ನು ನಡೆದ ಘಟನೆಯೆಂದು ಓದದೆ ರೂಪಕವೆಂದು ಓದಿದನು. ಅವನಿಗೂ ಹಿಂದೆ ಬಗ್ದಾದಿನ ಜುನೈದ್ ಇದರ ಮೇಲೆಯೇ ತನ್ನ ಅನುಭಾವದ ಬೋಧೆಯನ್ನು ಕಟ್ಟಿದ್ದನು.

ಇಲ್ಲಿ ನಮ್ಮ ಕನ್ನಡವೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಒಡಂಬಡು ಎಂದರೆ ಒಪ್ಪು, ಸಮ್ಮತಿಸು. ಹೊಸ ಒಡಂಬಡಿಕೆ ಎಂದು ಓದುವಾಗಲೆಲ್ಲ ಎರಡು ಪಕ್ಷಗಳ ಸಮ್ಮತಿ ನಮ್ಮ ಕಿವಿಯಲ್ಲಿದೆ. ಆದರೆ ಆದಿಕಾಂಡ 15ರಲ್ಲಿ ದೇವರು ಒಡಂಬಡಿಕೆ ಮಾಡುವಾಗ ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ. 9ನೆಯ ಅಧ್ಯಾಯದ ಒಡಂಬಡಿಕೆಯ ಪ್ರಸಂಗದಲ್ಲಿ ನೋಹನ ಬಾಯಿಂದ ಒಂದು ಮಾತೂ ಇಲ್ಲ. ಸೀನಾಯಿಯಲ್ಲಿ ಜನರು ಒಪ್ಪಿ ಉತ್ತರಿಸುತ್ತಾರೆ, ನಿಜ. ಆ ದಿನ ಅಲ್ಲಿ ಇಲ್ಲದವರನ್ನೂ ಧರ್ಮೋಪದೇಶಕಾಂಡ 29 ಅದರೊಳಗೆ ಸೇರಿಸಿಕೊಳ್ಳುತ್ತದೆ, ಆ ಮಟ್ಟಿಗೆ ಅದು ಮೀಸಾಕಿನ ನೆರೆಯ ಮಾತು. ಆದರೂ ಪದದ ಮೂಲಾರ್ಥವನ್ನೇ ಹಿಡಿದು ನಡೆದರೆ, ಎಲ್ಲ ಆತ್ಮಗಳೂ ಹೌದೆಂದ ಕುರ್‌ಆನಿನ ಪ್ರಸಂಗಕ್ಕೆ ಒಡಂಬಡಿಕೆ ಎಂಬುದು ನೋಹನ ಪ್ರಸಂಗಕ್ಕಿಂತ ಚೆನ್ನಾಗಿ ಹೊಂದುತ್ತದೆ!

ಎರಡನೆಯ ತೊಡಕು ಫಿತ್ರ ಎಂಬ ಪದದ್ದು. 30ನೆಯ ಅಧ್ಯಾಯದ 30ನೆಯ ವಚನದಲ್ಲಿ ಅದು ದೇವರು ಮನುಷ್ಯರನ್ನು ಯಾವ ಸಹಜ ರೂಪದಲ್ಲಿ ಸೃಜಿಸಿದನೋ ಆ ರೂಪ. ಪ್ರತಿ ಶಿಶುವೂ ಅದರಲ್ಲಿಯೇ ಹುಟ್ಟುತ್ತದೆ, ತಂದೆತಾಯಿಗಳು ಅದನ್ನು ಯೆಹೂದ್ಯನನ್ನಾಗಿಯೋ ಕ್ರೈಸ್ತನನ್ನಾಗಿಯೋ ಅಗ್ನಿಪೂಜಕನನ್ನಾಗಿಯೋ ಮಾಡುತ್ತಾರೆಂದು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳ ಹದೀಸ್ ಹೇಳುತ್ತದೆ. ಅಲ್ಲಿಯ ಹೋಲಿಕೆ ಪಶುವಿನದು: ಕರು ಹುಟ್ಟುವಾಗ ಕಿವಿ ಕತ್ತರಿಸಿಕೊಂಡು ಹುಟ್ಟುವುದಿಲ್ಲ. ದೇವರ ಎತ್ತುಗಳನ್ನು ಸಾಕುವ ಚಳ್ಳಕೆರೆ ಸೀಮೆಯ ಮ್ಯಾಸನಾಯಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೋಧಕರಲ್ಲಿ ಉದಾರಿಗಳಾದವರು ಫಿತ್ರವನ್ನು ಮನಸ್ಸಾಕ್ಷಿಯೊಂದಿಗೆ ಸಮೀಕರಿಸಿ ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯಕ್ಕೆ ಸೇರಿಸಿಬಿಡುತ್ತಾರೆ. ಇದು ಸದುದ್ದೇಶದ ಸಮೀಕರಣವಾದರೂ ಸರಿಯಲ್ಲ. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನರು ಕಾನೂನನ್ನು ಮುರಿದು ಹೆಂಡದ ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಧರ್ಮಶಾಸ್ತ್ರವಿಲ್ಲದ ಜನಗಳ ಹೃದಯದಲ್ಲಿ ಬರೆದಿರುವ ಧರ್ಮವನ್ನು ಕುರಿತು ಪೌಲನು ಹೇಳಿದ್ದನ್ನು ವಿವರಿಸಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಆದರೆ ಇಷ್ಟೇ ಫಿತ್ರವಲ್ಲ. ಒಳಿತು ಕೆಡುಕುಗಳನ್ನು ಗುರುತಿಸುವ ಶಕ್ತಿ ಅದರ ಒಂದು ಫಲ. ಅದರ ಬೇರು ಒಡೆಯನನ್ನು ಗುರುತಿಸುವುದರಲ್ಲಿದೆ. ಕ್ಯಾಲ್ವಿನನು ಮನುಷ್ಯರೆಲ್ಲರಲ್ಲಿ ನೆಲೆಸಿರುವ ದೈವಪ್ರಜ್ಞೆಯೆಂದು ಕರೆದದ್ದು ಇದಕ್ಕೆ ಹೆಚ್ಚು ಸಮೀಪ. ಮನಸ್ಸಾಕ್ಷಿ ಎಂಬ ಪದದೊಳಗಿನ ಸಾಕ್ಷಿ ಮಾತ್ರ ನಮಗೆ ಉಪಯುಕ್ತ: ಮುಸ್ಲಿಮನು ಶಹಾದತ್ ನುಡಿಯುವಾಗ ಹೊಸ ಪ್ರಮಾಣ ಮಾಡುವುದಿಲ್ಲ, ಹಳೆಯ ಸಾಕ್ಷ್ಯವನ್ನು ಮತ್ತೆ ನುಡಿಯುತ್ತಾನೆ.

ಹಾಗಾದರೆ ಕುರ್‌ಆನಿನ ಮನುಷ್ಯನು ಹಗುರಾದ ಆಶಾವಾದದ ಚಿತ್ರವೇ? 33ನೆಯ ಅಧ್ಯಾಯದ 72ನೆಯ ವಚನವನ್ನು ಓದಿದವರು ಹಾಗೆನ್ನಲಾರರು. ಆಕಾಶ, ಭೂಮಿ, ಪರ್ವತಗಳು ಹೆದರಿ ಒಲ್ಲೆನೆಂದ ಹೊಣೆಯನ್ನು ಮನುಷ್ಯನು ಹೊತ್ತುಕೊಂಡನು; ಒಡನೆಯೇ ಅವನನ್ನು ಅನ್ಯಾಯಗಾರನೆಂದೂ ಅವಿವೇಕಿಯೆಂದೂ ಕರೆಯಲಾಗಿದೆ. 20ನೆಯ ಅಧ್ಯಾಯದಲ್ಲಿ ಆದಮನು ತನಗೆ ವಿಧಿಸಿದ್ದನ್ನು ಮರೆತನು. ಮನುಷ್ಯನ ರೋಗ ಮರೆವು, ಪ್ರವಾದಿಯು ನೆನಪಿಸುವವನು. ಮರೆವು ಸಣ್ಣ ರೋಗವೆಂದು ನಾವು ಭಾವಿಸುವುದಾದರೆ ಹೋಶೇಯನನ್ನು ಮರಳಿ ಓದಬೇಕು.

ನಿಜವಾದ ಭೇದವಿರುವುದು ಬೇರೆಡೆ, ಅದನ್ನು ನಾವು ಮರೆಮಾಡಬಾರದು. ಮೀಸಾಕಿನಲ್ಲಿ ನೆನಪಿಡಬೇಕಾದವನು ಮನುಷ್ಯ. ಆದಿಕಾಂಡ 9ರಲ್ಲಿ ಮುಗಿಲ ಬಿಲ್ಲನ್ನು ನೋಡಿ ನೆನಪಿಸಿಕೊಳ್ಳುವವನು ದೇವರು. ತನ್ನನ್ನು ನೆನೆದವರನ್ನು ತಾನೂ ನೆನೆಯುವೆನೆಂದು ಕುರ್‌ಆನಿನ ದೇವರು 2ನೆಯ ಅಧ್ಯಾಯದಲ್ಲಿ ಹೇಳುತ್ತಾನೆ, ಆದರೆ ಅಲ್ಲಿಯ ಕ್ರಮ ಗಮನಾರ್ಹ. ನಮ್ಮ ಶಾಸ್ತ್ರದಲ್ಲಿ ಒಡಂಬಡಿಕೆ ಮುರಿದಾಗ ದೇವರೇ ನೋಯುತ್ತಾನೆ. ಯೆರೆಮೀಯ 31ರಲ್ಲಿ ಮುರಿದವರಿಗಾಗಿ ಆತನೇ ಹೊಸದನ್ನು ಹೃದಯದಲ್ಲಿ ಬರೆಯುತ್ತಾನೆ. ನಮ್ಮ ನಂಬಿಕೆಯಲ್ಲಿ ಅದು ಒಂದು ಊಟದ ಮೇಜಿನಲ್ಲಿ, ಒಂದು ನಿರ್ದಿಷ್ಟ ರಾತ್ರಿಯಲ್ಲಿ ನೆರವೇರಿತು. ಪೆಲಾಗಿಯನ ಹೆಸರನ್ನು ಎಳೆತರುವುದರಿಂದ ಈ ಭೇದ ಮಸುಕಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ.

ಈ ಚರ್ಚೆ ಗ್ರಂಥಾಲಯದಲ್ಲಿ ಮುಗಿಯುವಂಥದ್ದಲ್ಲ. ನಮ್ಮ ಸಭಾಪಾಲಕರು ಹೊಳಲ್ಕೆರೆ, ಹಿರಿಯೂರುಗಳಂಥ ಊರುಗಳಲ್ಲಿ ಮುಸ್ಲಿಮ್ ಮನೆಗಳ ಪಕ್ಕದಲ್ಲಿಯೇ ವಾಸಿಸುವರು. ನೆರೆಮನೆಯ ಹಸುಗೂಸು ತೀರಿಕೊಂಡರೆ, ಆ ಮನೆಯವರಿಗೆ ಮಗು ಫಿತ್ರದಲ್ಲಿಯೇ ದೇವರ ಬಳಿಗೆ ಹೋಯಿತೆಂಬ ಭರವಸೆಯಿದೆ. ಅದೇ ವಾರ ನಮ್ಮ ಸಭೆಯಲ್ಲಿ ದೀಕ್ಷಾಸ್ನಾನವಾಗದ ಕೂಸೊಂದು ತೀರಿಕೊಂಡರೆ ಪಾಲಕನು ಏನು ಹೇಳುವನು? ಅಗಸ್ಟೀನನ ಕಠಿಣ ಉತ್ತರ ಎಲ್ಲರಿಗೂ ಗೊತ್ತು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಅಂಥ ಶಿಶುಗಳ ರಕ್ಷಣೆಗಾಗಿ ನಿರೀಕ್ಷಿಸಲು ಗಂಭೀರ ಕಾರಣಗಳಿವೆಯೆಂದು ಹೇಳಿತು, ಖಚಿತಜ್ಞಾನವೆಂದು ಹೇಳಲಿಲ್ಲ. ನಮ್ಮ ನಿರೀಕ್ಷೆಗೆ ಆಧಾರ ಕೂಸಿನ ನಿರ್ಮಲತೆಯಲ್ಲ, ನೆನಪಿಡುವ ದೇವರು. ಇದನ್ನು ಸ್ಪಷ್ಟ ಕನ್ನಡದಲ್ಲಿ, ಮಣ್ಣು ಕೊಡುವ ಹೊತ್ತಿನಲ್ಲಿ, ಪಕ್ಕದ ಮನೆಯವರೂ ನಿಂತು ಕೇಳುತ್ತಿರುವಾಗ ಹೇಳಲು ನಮ್ಮ ವಿದ್ಯಾರ್ಥಿಗಳಿಗೆ ನಾವು ಇನ್ನೂ ಕಲಿಸಿಲ್ಲ.