ಲ್ಯಾಮಾಂಟಿನ ನಲವತ್ತೇಳು ಚರ್ಚುಗಳು: ಒಂದು ಎಣಿಕೆಯ ವಿಮರ್ಶೆ

ಕೆನಡಾದ ಆಲ್ಬರ್ಟ ಪ್ರಾಂತದಲ್ಲಿ, ಎಡ್ಮಂಟನ್ ನಗರದ ಈಶಾನ್ಯಕ್ಕೆ, ಲ್ಯಾಮಾಂಟ್ ಎಂಬ ಒಂದು ಒಕ್ಕಲುತನದ ಜಿಲ್ಲೆಯಿದೆ. ಗೋಧಿ, ಬಾರ್ಲಿ ಮೊದಲಾದುವನ್ನು ಬೆಳೆಯುವ ಈ ಬಯಲುಸೀಮೆ ತನ್ನನ್ನು ‘ಉತ್ತರ ಅಮೆರಿಕದ ಚರ್ಚುಗಳ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ. ಪ್ರವಾಸಿಗಳಿಗಾಗಿ ಹೊರಡಿಸಿದ ಪತ್ರಿಕೆಗಳು ಇಲ್ಲಿ 47 ಚರ್ಚುಗಳಿವೆಯೆಂದು ಹೇಳುತ್ತವೆ; ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ಚರ್ಚುಗಳು ಆ ಖಂಡದಲ್ಲಿ ಮತ್ತೆಲ್ಲಿಯೂ ಇಲ್ಲವೆಂಬುದು ಅವುಗಳ ಹೆಮ್ಮೆ. ಸಂಖ್ಯೆಯ ಬಗೆಗೆ ನಮ್ಮ ತಕರಾರಿಲ್ಲ. ಆ ಸಂಖ್ಯೆಗೆ ಸಾಮಾನ್ಯವಾಗಿ ಕೊಡಲಾಗುವ ಅರ್ಥ, ಎಂದರೆ ವಲಸೆ ಬಂದ ರೈತರ ಅಸಾಧಾರಣವಾದ ದೈವಭಕ್ತಿಯೇ ಇದಕ್ಕೆ ಕಾರಣವೆಂಬ ಅರ್ಥ, ಇತಿಹಾಸದ ವಿದ್ಯಾರ್ಥಿಗಳಾದವರು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ.

ಮೊದಲು ನೆಲದ ವಿಚಾರ. 1872ರ ಡೊಮಿನಿಯನ್ ಭೂಮಿ ಶಾಸನದಂತೆ ಪಶ್ಚಿಮ ಕೆನಡಾದ ಬಯಲನ್ನು ಆರು ಮೈಲಿ ಚದರದ ಪ್ರದೇಶಗಳನ್ನಾಗಿ ಅಳೆದು, ಒಂದೊಂದನ್ನೂ 640 ಎಕರೆಗಳ 36 ಭಾಗಗಳಾಗಿ ಹಂಚಿದರು. ಭಾಗದ ಕಾಲಂಶವಾದ 160 ಎಕರೆಯನ್ನು 10 ಡಾಲರು ರುಸುಮು ಕಟ್ಟಿದ ಒಕ್ಕಲಿಗನಿಗೆ ಕೊಡುತ್ತಿದ್ದರು. ಅವನು ಅಲ್ಲಿಯೇ ಮನೆ ಮಾಡಿಕೊಂಡು ಸಾಗುವಳಿ ಮಾಡಬೇಕೆಂಬುದು ಷರತ್ತು. ವಲಸೆಗಾರನಿಗೆ ಬಿಟ್ಟದ್ದು ಬಲುಮಟ್ಟಿಗೆ ಸಮಸಂಖ್ಯೆಯ ಭಾಗಗಳು. ಬೆಸಸಂಖ್ಯೆಯವು ರೈಲ್ವೆಗೆ, ಶಾಲೆಗಳಿಗೆ, ಮಾರಾಟಕ್ಕೆ ಮೀಸಲಾಗಿದ್ದುವು. ಹೀಗಾಗಿ ಊರು ಎಂಬುದೇ ಹುಟ್ಟಲಿಲ್ಲ. ಗಾಲಿಷಿಯ ಮತ್ತು ಬುಕೊವಿನಗಳ ಒತ್ತೊತ್ತಾದ ಹಳ್ಳಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳಿದ್ದ ಉಕ್ರೇನಿನ ರೈತನಿಗೆ ಇಲ್ಲಿ ನೆರೆಮನೆಯೆಂಬುದು ಅರ್ಧ ಮೈಲಿ ಆಚೆಯ ಹೊಗೆಯಾಯಿತು. ಜನರು ಸೇರುವುದಕ್ಕೆ, ಸತ್ತವರನ್ನು ಹೂಳುವುದಕ್ಕೆ ಹೊಲದ ಮೂಲೆಯ ಕೆಲವು ಎಕರೆಗಳೇ ಗತಿ. ಎತ್ತಿನ ಬಂಡಿಯೋ ಕುದುರೆಯ ಬಂಡಿಯೋ ಭಾನುವಾರದ ಬೆಳಗಿನಲ್ಲಿ ಹೋಗಿಬರಬಹುದಾದ ದೂರವೇ ಒಂದು ಚರ್ಚಿಗೂ ಇನ್ನೊಂದಕ್ಕೂ ನಡುವಣ ಅಂತರವನ್ನು ನಿಶ್ಚಯಿಸಿತು. 47ರಲ್ಲಿ ದೊಡ್ಡ ಪಾಲು ಮೋಜಣಿದಾರನ ಸರಪಳಿಗೆ ಸಲ್ಲಬೇಕು.

ಇನ್ನು ಪಂಥಗಳ ವಿಚಾರ. 1891ರಲ್ಲಿ ಇವಾನ್ ಪಿಲಿಪಿವ್, ವಾಸಿಲ್ ಎಲೆನ್ಯಾಕ್ ಎಂಬಿಬ್ಬರು ನೆಬಿಲಿವ್ ಗ್ರಾಮದಿಂದ ಕೆನಡಾಕ್ಕೆ ಬಂದು ನೆಲ ನೋಡಿದರು. 1894ರಿಂದ ಅವರ ಊರಿನ ಕುಟುಂಬಗಳು ಇದೇ ಲ್ಯಾಮಾಂಟ್ ಸೀಮೆಯ ಎಡ್ನ-ಸ್ಟಾರ್ ಎಂಬಲ್ಲಿ ನೆಲಸಿದುವು. 1914ರೊಳಗೆ ಕೆನಡಾಕ್ಕೆ ಬಂದ ಉಕ್ರೇನಿಯನರು ಸುಮಾರು 1,70,000. ಜನ ಬಂದರು, ಪಾದ್ರಿಗಳು ಬರಲಿಲ್ಲ. ಗಾಲಿಷಿಯದವರು ರೋಮಿನ ಪೋಪನನ್ನು ಒಪ್ಪಿದ ಗ್ರೀಕ್ ಕ್ಯಾಥೊಲಿಕರು. ಅವರ ಪಾದ್ರಿಗಳು ಬಹುತೇಕ ವಿವಾಹಿತರು. ವಿವಾಹಿತರನ್ನು ಅಮೆರಿಕ ಖಂಡಕ್ಕೆ ಕಳುಹಿಸಕೂಡದೆಂದು 1890ರಲ್ಲಿಯೇ ರೋಮಿನ ಆಜ್ಞೆಯಾಗಿತ್ತು. ಈ ಶೂನ್ಯವನ್ನು ರಷ್ಯನ್ ಆರ್ಥಡಾಕ್ಸ್ ಮಿಷನರಿಗಳು ತುಂಬಿದರು. 1897ರ ಹೊತ್ತಿಗೆ ಅವರು ಎಡ್ನ-ಸ್ಟಾರಿಗೆ ಬಂದಾಗಿತ್ತು. ಕೂಡಿ ಕಟ್ಟಿದ ಒಂದೇ ಚರ್ಚಿಗೆ ಎರಡು ಪಕ್ಷಗಳು ಹಕ್ಕು ಹೂಡಿದುವು. ವ್ಯಾಜ್ಯ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಏರಿ, ಕೊನೆಗೆ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಬಂದು, 1907ರಲ್ಲಿ ಆರ್ಥಡಾಕ್ಸ್ ಪಕ್ಷಕ್ಕೆ ಅನುಕೂಲವಾಗಿ ತೀರ್ಮಾನವಾಯಿತು. ಸೋತವರು ಹತ್ತಿರದಲ್ಲಿಯೇ ಬೇರೊಂದು ಚರ್ಚು ಕಟ್ಟಿಕೊಂಡರು. (ನಮ್ಮ ದೇಶದ ದೇವಸ್ಥಾನ, ಮಠಗಳ ಎಷ್ಟೋ ವ್ಯಾಜ್ಯಗಳು ಕೊನೆಗಂಡದ್ದೂ ಇದೇ ಸಭೆಯಲ್ಲಿ, ಭಾರತ, ಕೆನಡಾಗಳೆರಡೂ ಅದರ ಅಧಿಕಾರದಿಂದ ಬಿಡಿಸಿಕೊಂಡದ್ದು 1949ರಲ್ಲಿ. ನೊಗಲು ಬಂಡಿಯಲ್ಲಿ ಮರ ಸಾಗಿಸಿ ಕಟ್ಟಿದ ಗುಡಿಯ ಬೀಗದ ಕೈಗಾಗಿ ಸಾಗರ ದಾಟಿದ ಛಲವನ್ನು ನಮ್ಮ ಓದುಗರು ಗುರುತಿಸಬಲ್ಲರು.) 1912ರಲ್ಲಿ ನಿಕಿತ ಬುಡ್ಕ ಗ್ರೀಕ್ ಕ್ಯಾಥೊಲಿಕರ ಮೊದಲ ಬಿಷಪನಾಗಿ ಬಂದನು. 1918ರಲ್ಲಿ ಸಾಸ್ಕಟೂನಿನಲ್ಲಿ ಉಕ್ರೇನಿಯನ್ ಗ್ರೀಕ್ ಆರ್ಥಡಾಕ್ಸ್ ಸಂಘ ಸ್ಥಾಪಿತವಾಗಿ ಮೂರನೆಯ ಪಂಥವೂ ಸೇರಿತು. ಸ್ಕಾರೊವಿನ ಪೋಲಿಷ್ ಕ್ಯಾಥೊಲಿಕರು, ಬ್ರೂಡರ್‌ಹೈಮಿನ ಮೊರೇವಿಯನ್ ಜರ್ಮನರು ಬೇರೆ. ಒಂದೇ ದಾರಿಯ ಮೇಲೆ ಕಾಣುವ ಎರಡು ಗುಮ್ಮಟಗಳು ಅನೇಕ ವೇಳೆ ಒಂದು ಊರು ಎರಡಾದುದರ ಗುರುತುಗಳು. ಭಕ್ತಿಯಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಭಕ್ತಿಯೊಂದೇ ಆಗಿದ್ದರೆ ಅರ್ಧದಷ್ಟು ಕಟ್ಟಡಗಳು ಸಾಕಾಗುತ್ತಿದ್ದುವು.

ವಿದ್ವಾಂಸರ ಗ್ರಂಥಗಳು ಈ ಘೋಷವಾಕ್ಯಕ್ಕಿಂತ ಬಹಳ ಮೇಲ್ಮಟ್ಟದವು. ಆದರೂ ಅವುಗಳಲ್ಲಿ ಕೆಲವು ಅದೇ ದಿಕ್ಕಿನಲ್ಲಿ ಕಣ್ಣು ನೆಟ್ಟಿವೆ. ಮುಂಡೇರಿನಲ್ಲಿ ಹುಟ್ಟಿ, ವೈದ್ಯವೃತ್ತಿಯಲ್ಲಿದ್ದ ಓರೆಸ್ಟ್ ಸೆಮ್‌ಚಿಷೆನ್ ಅವರ ‘ಆಲ್ಬರ್ಟದ ಬಿಜಾಂಟಿನ್ ಚರ್ಚುಗಳು’ ಎಂಬ ಕಪ್ಪು-ಬಿಳುಪು ಛಾಯಾಚಿತ್ರಮಾಲೆ 1976ರಲ್ಲಿ ಎಡ್ಮಂಟನ್ನಿನಲ್ಲಿ ಪ್ರಕಟಗೊಂಡು, ಹಳ್ಳಿಗಾಡಿನ ಈ ಕಟ್ಟಡಗಳಿಗೆ ಕಲೆಯ ಗೌರವವನ್ನು ತಂದಿತು. ಮ್ಯಾನಿಟೋಬದ ಬಗೆಗೆ ರೋಟಾಫ್, ಯೆರೆನ್ಯುಕ್, ಹ್ರಿನ್ಯುಕ್ ಎಂಬ ಮೂವರು 1990ರಲ್ಲಿ ಹೊರತಂದ ಗ್ರಂಥ ವಾಸ್ತುಲಕ್ಷಣಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದೆ. ಮುಖಮಂಟಪ, ಸಭಾಂಗಣ, ಗರ್ಭಗುಡಿ ಎಂಬ ಮೂರಂಗಗಳ ಯೋಜನೆ, ದಿಮ್ಮಿಯ ಗೋಡೆಗೆ ಮಣ್ಣು-ಹುಲ್ಲಿನ ಗಿಲಾವು, ಮೇಲೆ ಹಲಗೆಯ ಹೊದಿಕೆ, ತಗಡಿನ ಗುಮ್ಮಟ, ಪ್ರತ್ಯೇಕವಾಗಿ ನಿಂತ ಗಂಟೆಯ ಗೋಪುರ. ಇವೆಲ್ಲ ತಿಳಿಯತಕ್ಕ ಸಂಗತಿಗಳೇ. ಆದರೆ ಇಂಥ ಬರಹದಲ್ಲಿ ಕಟ್ಟಡವೇ ನಾಯಕ. ಬೇಲಿಯೊಳಗಣ ಸಮಾಧಿಗಳು ಚಿತ್ರದ ಅಂಚು. ಫ್ರಾನ್ಸಿಸ್ ಸ್ವಿರಿಪ ಅವರ ‘ಕಥೆಯುಳ್ಳ ಭೂದೃಶ್ಯಗಳು’ (2010) ಈ ಕೊರತೆಯನ್ನು ಬಹಳಮಟ್ಟಿಗೆ ನೀಗಿದೆ. ಅಲ್ಲಿ ಗೋರಿಗಳೂ ಸ್ಥಳನಾಮಗಳೂ ಸಾಕ್ಷಿಗಳಾಗಿ ಮಾತನಾಡುತ್ತವೆ. ಆದರೆ ಹಲವು ಜನಾಂಗಗಳನ್ನು ಒಟ್ಟಿಗೆ ತೂಗಬೇಕಾದ ಗ್ರಂಥದಲ್ಲಿ ಒಂದೇ ಸಮಾಧಿಭೂಮಿಯನ್ನು ಸಾಲುಸಾಲಾಗಿ ಓದುವುದಕ್ಕೆ ಎಡೆಯೆಲ್ಲಿ?

ಹಾಗೆ ಓದುವವನಿಗೆ ಏನು ದೊರೆಯಬಹುದು? ಎಲ್ಲಕ್ಕೂ ಮೊದಲು ಲಿಪಿ. ಹಳೆಯ ಶಿಲುಬೆಗಳು ಮರದವು, ಕಬ್ಬಿಣದವು. ಅನಂತರ ಮನೆಯಲ್ಲಿಯೇ ಅಚ್ಚು ಮಾಡಿ ಎರೆದ ಸಿಮೆಂಟಿನವು, ಹಸಿಯಿರುವಾಗಲೇ ಅಕ್ಷರ ಗೀಚಿದವು. ಸಿರಿಲಿಕ್ ಅಕ್ಷರದಲ್ಲಿ ‘ಇಲ್ಲಿ ವಿಶ್ರಮಿಸುತ್ತಾರೆ’ ಎಂದು ತೊಡಗಿ, ‘ಚಿರಸ್ಮರಣೆ’ ಎಂದು ಮುಗಿಯುವ ಸಮಾಧಿಲೇಖಗಳು ಸತ್ತವರು ಮಾತನಾಡಿದಂತೆಯೇ ಬರೆದವು. ಕಾಗುಣಿತ ಶಾಲೆಯದಲ್ಲ, ಊರಿನದು. ಮುಂದಿನ ತಲೆಮಾರಿನ ನುಣುಪು ಕಲ್ಲುಗಳಲ್ಲಿ ಇಂಗ್ಲಿಷು ಕಾಣಿಸಿಕೊಳ್ಳುತ್ತದೆ. ತಂದೆತಾಯಿಗಳ ಹೆಸರು ಒಂದು ಲಿಪಿಯಲ್ಲಿ, ಮಕ್ಕಳದು ಇನ್ನೊಂದರಲ್ಲಿ. ಅದೇ ಕುಲನಾಮಕ್ಕೆ ಎರಡು ಮೂರು ಕಾಗುಣಿತ. ಒಂದು ಭಾಷೆ ಮನೆಯಿಂದ ಯಾವಾಗ ಹೊರಬಿತ್ತೆಂಬುದನ್ನು ಜನಗಣತಿಯ ಕೋಷ್ಟಕಗಳಿಗಿಂತ ಸೂಕ್ಷ್ಮವಾಗಿ ಈ ಸಾಲುಗಳು ಹೇಳಬಲ್ಲವು. ಗಣತಿಯ ಅಧಿಕಾರಿಗಳಾದರೋ ಇವರನ್ನು ಗಾಲಿಷಿಯನ್, ರುಥೇನಿಯನ್, ಆಸ್ಟ್ರಿಯನ್ ಎಂದು ಬಗೆಬಗೆಯಾಗಿ ಬರೆದುಕೊಂಡರು.

ಈ ಸಾಕ್ಷ್ಯವನ್ನು ಬಳಸುವುದರಲ್ಲಿ ಎಚ್ಚರ ಬೇಕು. ಕಲ್ಲಿನ ಮೇಲಣ ವರ್ಷ ಸಾವಿನದು, ಕಲ್ಲಿನದಲ್ಲ. ಕೊಳೆತ ಮರದ ಶಿಲುಬೆಯನ್ನು ಕಿತ್ತು ಮೊಮ್ಮಕ್ಕಳು ಹೊಸ ಗ್ರಾನೈಟನ್ನು ನೆಟ್ಟರೆ, 1902ರಲ್ಲಿ ಸತ್ತ ಅಜ್ಜಿ ತಾನೆಂದೂ ಆಡದ ಭಾಷೆಯಲ್ಲಿ ಮಾತನಾಡತೊಡಗುತ್ತಾಳೆ. ಬಡವನಿಗೆ ಗುರುತೇ ಉಳಿಯದಿರಬಹುದು. ಆದುದರಿಂದ ಕಲ್ಲನ್ನು ಚರ್ಚಿನ ಮರಣ ದಾಖಲೆಯೊಡನೆ ಇಟ್ಟು ನೋಡುವುದು ಅವಶ್ಯಕ.

ಇದು ಕೇವಲ ಪಾಂಡಿತ್ಯದ ವಾದವಲ್ಲ. ಯಾವುದನ್ನು ಉಳಿಸಬೇಕೆಂಬ ನಿರ್ಧಾರ ಇದರಲ್ಲಿ ಅಡಗಿದೆ. ಎಡ್ಮಂಟನ್ನಿನ ಪೂರ್ವಕ್ಕಿರುವ ಉಕ್ರೇನಿಯನ್ ಸಾಂಸ್ಕೃತಿಕ ಪರಂಪರಾ ಗ್ರಾಮದಲ್ಲಿ ಹಲವೆಡೆಗಳಿಂದ ತಂದ ಮನೆಗಳನ್ನೂ ಚರ್ಚುಗಳನ್ನೂ ಮತ್ತೆ ನಿಲ್ಲಿಸಲಾಗಿದೆ. ಸ್ಮೋಕಿ ಲೇಕ್ ಸೀಮೆಯ ಸಂತ ಓನುಫ್ರಿಯಸನ ಚರ್ಚು 1915ರದು. ಅದನ್ನು 1996ರಲ್ಲಿ ದೇಶದ ಇನ್ನೊಂದು ಕೊನೆಯ ಗಾಟಿನೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದೊಳಕ್ಕೆ ಸಾಗಿಸಿದರು. ಬೀಳಲಿದ್ದ ಕಟ್ಟಡಗಳು ಬದುಕಿದುವೆಂಬುದು ನಿಜ, ಅದಕ್ಕಾಗಿ ಕೃತಜ್ಞರಾಗಿರಬೇಕು. ಆದರೆ ಸಮಾಧಿಗಳನ್ನು ಹಾಗೆ ಸಾಗಿಸುವಂತಿಲ್ಲ. ಗುಮ್ಮಟದ ಮೇಲೆಯೇ ದೃಷ್ಟಿಯಿರುವವರೆಗೆ ಇಂಥ ಸ್ಥಳಾಂತರ ಪೂರ್ಣ ರಕ್ಷಣೆಯೆಂದೇ ತೋರುತ್ತದೆ. ಸಮಾಧಿಯೊಡನೆ ಓದಿದರೆ ಅದು ಹಾಳೆ ಹರಿದ ಪುಸ್ತಕ. ಆಲ್ಬರ್ಟ ವಿಶ್ವವಿದ್ಯಾನಿಲಯದ ವಿದ್ವಾಂಸರು 2009ರಲ್ಲಿ ತೊಡಗಿದ ‘ಸ್ಯಾಂಕ್ಚುಯರಿ’ ಎಂಬ ದಾಖಲಾತಿ ಕಾರ್ಯ ಚರ್ಚುಗಳನ್ನು ಇದ್ದೆಡೆಯಲ್ಲಿಯೇ ಚಿತ್ರಿಸಿ, ಊರವರ ಮಾತನ್ನೂ ಬರೆದುಕೊಂಡಿತು. ಇದೇ ಸರಿಯಾದ ಮಾರ್ಗವೆಂದು ನಮಗೆ ತೋರುತ್ತದೆ.

ಎಣಿಕೆಯಲ್ಲಿ ಇನ್ನೊಂದು ಲೋಪವಿದೆ. ಇತಿಹಾಸವು ಮೊದಲ ಗುಮ್ಮಟದಿಂದ ಆರಂಭವಾಗುವಂತೆ ಅದು ಭಾಸಗೊಳಿಸುತ್ತದೆ. ಲ್ಯಾಮಾಂಟಿನ ಉತ್ತರಕ್ಕೆ, ಉತ್ತರ ಸಾಸ್ಕಾಚೆವಾನ್ ನದಿಯ ಆಚೆ ದಡದಲ್ಲಿ, ಜಾರ್ಜ್ ಮ್ಯಾಕ್‌ಡೂಗಲ್ 1862ರಲ್ಲಿಯೇ ಕ್ರೀ ಜನರ ನಡುವೆ ವಿಕ್ಟೋರಿಯ ಎಂಬ ಮೆಥಾಡಿಸ್ಟ್ ಕೇಂದ್ರವನ್ನು ನೆಲೆಗೊಳಿಸಿದ್ದನು. ಮೇಟೀ ಕುಟುಂಬಗಳು ಅಲ್ಲಿ ನದಿಗಭಿಮುಖವಾಗಿ ಉದ್ದುದ್ದನೆಯ ಹೊಲಗಳನ್ನು ಮಾಡಿಕೊಂಡಿದ್ದುವು. 1870ರ ಸಿಡುಬಿನಲ್ಲಿ ಸತ್ತ ಮ್ಯಾಕ್‌ಡೂಗಲನ ಹೆಣ್ಣುಮಕ್ಕಳ ಸಮಾಧಿ ಅಲ್ಲಿದೆ. ಅದೇ ಬೇನೆ ಬಯಲಿನ ಕ್ರೀ ಮತ್ತು ಬ್ಲಾಕ್‌ಫುಟ್ ಜನರಲ್ಲಿ ಎಷ್ಟು ಡೇರೆಗಳನ್ನು ಬರಿದುಮಾಡಿತೋ ಅದಕ್ಕೆ ಕಲ್ಲುಗಳಿಲ್ಲ. 1876ರ ಆರನೆಯ ಒಡಂಬಡಿಕೆಯಾದ ಮೇಲೆ ಮೋಜಣಿದಾರನ ಚೌಕಗಳು ಈ ನೆಲವನ್ನು ಮುಚ್ಚಿದುವು. ‘ಖಾಲಿ ಬಯಲು’ ಎಂಬ ಮಾತನ್ನು ಬರೆಯುವ ಮೊದಲು ಈ ದಡವನ್ನೊಮ್ಮೆ ನೋಡತಕ್ಕದ್ದು.

ಇಂದು ಈ ಹಳ್ಳಿಗಾಡಿನ ಚರ್ಚುಗಳಲ್ಲಿ ಅನೇಕವು ವರ್ಷಕ್ಕೆ ಒಂದೆರಡು ಸಲ ಮಾತ್ರ ಬಾಗಿಲು ತೆರೆಯುತ್ತವೆ. ಈಸ್ಟರಿನ ಅನಂತರ ಗೋರಿಗಳನ್ನು ಹರಸುವ ‘ಪ್ರೊವೊಡಿ’ ಎಂಬ ಆಚರಣೆ ಮೂಲದೇಶದಲ್ಲಿ ತೋಮಸನ ಭಾನುವಾರದ ಆಸುಪಾಸಿನದು. ಇಲ್ಲಿ ಒಬ್ಬನೇ ಪಾದ್ರಿ ಹಲವು ಊರುಗಳನ್ನು ಸುತ್ತಬೇಕಾದುದರಿಂದ ಅದು ವಾರಗಟ್ಟಲೆ ಹರಡಿ, ಬೇಸಗೆಯವರೆಗೂ ಸಾಗುತ್ತದೆ. ಎಡ್ಮಂಟನ್ನಿನಿಂದಲೂ ಇನ್ನೂ ದೂರದ ನಗರಗಳಿಂದಲೂ ಬಂದ ಮಕ್ಕಳು ಮೊಮ್ಮಕ್ಕಳು ಸಮಾಧಿಯ ಬಳಿ ರೊಟ್ಟಿಯನ್ನಿಟ್ಟು ನಿಲ್ಲುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕಲ್ಲಿನ ಮೇಲಣ ಅಕ್ಷರಗಳನ್ನು ಓದಲಾರರು. ಗೋರಿ ಯಾರದೆಂಬುದನ್ನು ಸಾಲು ಎಣಿಸಿ ಗುರುತಿಸುತ್ತಾರೆ.