ದಳದ ಚರಿತ್ರೆ ಮತ್ತು ಮನೆಯ ನೆನಪು: ಒಂದು ಮರು ಓದು

ಹಿರಿಯರೊಬ್ಬರು ಸೈನ್ಯದಲ್ಲಿದ್ದರೆಂಬ ಮಾತು ಮನೆಯಲ್ಲಿ ಉಳಿದಿದ್ದರೆ, ಅದಕ್ಕೆ ಆಧಾರ ಹುಡುಕುವ ಮೊಮ್ಮಕ್ಕಳು ಮೊದಲು ತೆರೆಯುವುದು ಹಳೆಯ ರೆಜಿಮೆಂಟ್ ಚರಿತ್ರೆಗಳನ್ನು. ಇವುಗಳನ್ನು ನಾವು ಆಕರಗಳೆಂದು ಬಳಸಿದ್ದೇವೆಯೇ ಹೊರತು ಕೃತಿಗಳೆಂದು ಓದಿದ್ದು ಕಡಿಮೆ. ಇವುಗಳಿಗೂ ಒಂದು ಕಥನಕ್ರಮವಿದೆ, ನಾಯಕರಿದ್ದಾರೆ, ಮೌನಗಳಿವೆ. ಅದನ್ನು ಗಮನಿಸದೆ ಹೆಸರನ್ನು ಮಾತ್ರ ಅರಸುವವರು ಬೇರೆಯವರ ತಾತನನ್ನು ತಮ್ಮ ಮನೆಗೆ ಕರೆತರುವ ಅಪಾಯವಿದೆ.

ಪ್ರಸ್ತುತ ಲೇಖಕನ ತಾಯಿಯ ಮನೆಯಲ್ಲಿ, ಮುತ್ತಾತನವರು ಹೈಫಾದ ಯುದ್ಧದಲ್ಲಿ ಭರ್ಜಿ ಹಿಡಿದು ಕುದುರೆ ಓಡಿಸಿದವರು ಎಂಬ ಮಾತು ರೂಢಿಯಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್‌ನ ಸವಾರರು ಕಾರ್ಮೆಲ್ ಬೆಟ್ಟದ ತೋಪುಗಳತ್ತ ಏರಿದ್ದು, ಜೋಧಪುರದ ದಳ ಊರೊಳಕ್ಕೆ ನುಗ್ಗಿದ್ದು ಸುಪರಿಚಿತ ಸಂಗತಿ. ಈ ದಳಗಳು ಸೇರಿದ್ದ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನ ಚರಿತ್ರೆ 1920ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಮುತ್ತಾತನವರ ಹೆಸರು ದೊರೆಯಲಿಲ್ಲ. ದೊರೆತದ್ದು ಮನೆಯ ಪೆಟ್ಟಿಗೆಯಲ್ಲಿದ್ದ ಪದಕದ ಅಂಚಿನಲ್ಲಿ: ಕ್ರಮಸಂಖ್ಯೆ, ಹೆಸರು, ದಳ, ಜೊತೆಗೆ ಹುದ್ದೆ. ಹುದ್ದೆ ಸವಾರನದಲ್ಲ, ಸೈಸನದು. ಎಂದರೆ ಕುದುರೆಗಳನ್ನು ನೋಡಿಕೊಳ್ಳುವವನದು. ಪದಕವೂ ಬೆಳ್ಳಿಯದಲ್ಲ, ಕಂಚಿನದು. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯಲ್ಲಿಯೂ, ದಳದ ಹಿಂದೆ ದುಡಿದ ಸೇವಕವರ್ಗಕ್ಕೆ ಕಂಚಿನಲ್ಲಿಯೂ ದೊರೆಯುತ್ತಿತ್ತು. ಮನೆಯವರು ಇದನ್ನು ಕೇಳಿ ಸುಮ್ಮನಾದರು. ಹಿರಿಯ ಸೋದರಮಾವನವರಂತೂ ಪದಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಈ ಮೌನವೇ ವಿಮರ್ಶೆಯ ವಸ್ತುವಾಗಬೇಕು. ವಸಾಹತುಕಾಲದ ಸೈನ್ಯಚರಿತ್ರೆಗಳು, ವಿಲ್ಸನ್ ಬರೆದ ಮದರಾಸು ಸೈನ್ಯದ ಐದು ಸಂಪುಟಗಳಿಂದ (1882-89) ಹಿಡಿದು, ಬಹುಮಟ್ಟಿಗೆ ಒಂದೇ ಹದದವು. ಯುರೋಪಿಯನ್ ಅಧಿಕಾರಿಗೆ ಹೆಸರಿರುತ್ತದೆ. ಸಿಪಾಯಿ ಬಹುಪಾಲು ಸಂಖ್ಯೆಯಾಗಿ ಬರುತ್ತಾನೆ. ಸೇವಕವರ್ಗ ಎಷ್ಟೋ ಕಡೆ ಸಂಖ್ಯೆಯಾಗಿಯೂ ಬರುವುದಿಲ್ಲ. ಕಥನವೆಲ್ಲ ಗೆಲುವಿನ ದಿನದತ್ತ ಓಡುತ್ತದೆ. ನಮ್ಮ ಮನೆಯ ಮೌಖಿಕ ಪರಂಪರೆ ಇದಕ್ಕೆ ಪ್ರತಿಕಥನವಾಗಿರಬಹುದೆಂದು ಲೇಖಕ ಭಾವಿಸಿದ್ದನು. ಹಾಗಾಗಲಿಲ್ಲ. ಮನೆಯ ನೆನಪೂ ಗ್ರಂಥದ ಮೌಲ್ಯವನ್ನೇ ಒಪ್ಪಿಕೊಂಡು, ಸೈಸನನ್ನು ಸವಾರನನ್ನಾಗಿ ಮಾಡಿತ್ತು. ಅವರು ಇದ್ದಂತೆಯೇ ನೆನೆಯುವುದಕ್ಕೆ ಎರಡರಲ್ಲಿಯೂ ಜಾಗವಿರಲಿಲ್ಲ.

ಇಲ್ಲಿ ನಮ್ಮದೇ ಪರಂಪರೆಯ ಒಂದು ಪಠ್ಯವನ್ನು ಎದುರಿಗಿಡುವುದು ಉಚಿತ. ಕ್ರಿ.ಶ. 949-50ರ ಆತಕೂರು ಶಾಸನ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದುದನ್ನು ಹೇಳುವ ರಾಜಕೀಯ ಮಹತ್ವದ ಆಕರ. ಆದರೆ ಆ ಕಲ್ಲು ನಿಂತಿರುವುದು ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ನೆನಪಿಗೆ. ವೀರಗಲ್ಲುಗಳೂ ಆಯ್ದೇ ನೆನೆದವು ಎಂಬುದು ನಿಜ. ಕಲ್ಲಿಲ್ಲದೆ ಹೋದವರಿಗೆ ಲೆಕ್ಕವಿಲ್ಲ. ಕಾಳಿಯ ಹೆಸರು ಉಳಿದದ್ದೂ ಅದರ ಒಡೆಯ ಮಣಲೇರನ ಪ್ರತಿಷ್ಠೆಯಿಂದಲೇ. ಆದರೂ ಒಂದು ನಾಯಿಯ ಹೆಸರನ್ನು ಹೇಳಲು ನಾಚದ ಬರವಣಿಗೆ ಸಾಧ್ಯವಿತ್ತೆಂಬುದನ್ನು ನೆನೆದಾಗ, ಕುದುರೆಗೆ ನೀರು ಕುಡಿಸಿದವನ ಹೆಸರು ಬಿಟ್ಟುಹೋದದ್ದು ಅನಿವಾರ್ಯವಾಗಿತ್ತೆಂದು ಒಪ್ಪಲಾಗದು.

ಹಾಗಿದ್ದರೆ ಗ್ರಂಥ ನಿರುಪಯುಕ್ತವೇ? ಅಲ್ಲ. ಅದು ಹೆಸರನ್ನು ಕೊಡದಿದ್ದರೂ ದಿನಗಳನ್ನು ಕೊಡುತ್ತದೆ. ಬ್ರಿಗೇಡು 1914ರ ಕೊನೆಯಲ್ಲಿ ಈಜಿಪ್ಟನ್ನು ತಲುಪಿ, ಸೂಯೆಜ್ ಕಾಲುವೆಯ ಕಾವಲಿನಲ್ಲಿಯೂ ಆಮೇಲೆ ಪ್ಯಾಲೆಸ್ಟೈನಿನಲ್ಲಿಯೂ ನಾಲ್ಕು ವರ್ಷ ಕಳೆಯಿತು. ಆ ನಾಲ್ಕು ವರ್ಷಗಳನ್ನು ಒಂದು ಬೆಳಗಿನ ಪೀಠಿಕೆಯೆಂದು ಓದದೆ, ಮೇವು, ನೀರು, ಲಾಳ, ಬಿಸಿಲುಗಳ ಚರಿತ್ರೆಯೆಂದು ಓದಿದರೆ ಮುತ್ತಾತನವರು ಅಲ್ಲಿ ಕಾಣುತ್ತಾರೆ. ಕಾರ್ಮೆಲ್ ಏರಿದ ಕುದುರೆಗಳ ಕಾಲಿನಲ್ಲಿದ್ದ ಶಕ್ತಿಗೆ ಅವರಂಥವರ ದುಡಿಮೆಯೂ ಕಾರಣ.

ಹೀಗೆ ಓದುವವರು ಎರಡು ಎಚ್ಚರಗಳನ್ನು ಪಾಲಿಸಬೇಕು. ಮೊದಲನೆಯದು ಲಿಪಿಯದು. ಇಂಗ್ಲಿಷ್ ಪಟ್ಟಿಗಳಲ್ಲಿ ಲಕಾರ ಳಕಾರಗಳಿಗೂ, ದಕಾರ ಡಕಾರಗಳಿಗೂ, ಹ್ರಸ್ವ ದೀರ್ಘಗಳಿಗೂ ಭೇದವಿರುವುದಿಲ್ಲ. ತಂದೆಯ ಹೆಸರು, ಊರು ಕೂಡಿಬರದೆ ಗುರುತು ಸ್ಥಿರವಾಗದು. ಎರಡನೆಯದು, ದಳದ ಹೆಸರು ಭಾಷೆಯ ಗುರುತಲ್ಲ. ಮೈಸೂರಿನ ಸವಾರರಲ್ಲಿ ಮುಸಲ್ಮಾನರು, ಮರಾಠರು, ಅರಸು ಮನೆತನದವರು ಎಲ್ಲರೂ ಇದ್ದರು.

ದೆಹಲಿಯ ತೀನ್ ಮೂರ್ತಿ ಸ್ಮಾರಕವನ್ನು 1922ರಲ್ಲಿ ನಿಲ್ಲಿಸಿದ್ದು ಹೈದರಾಬಾದ್, ಜೋಧಪುರ, ಮೈಸೂರುಗಳ ಇಡೀ ಬ್ರಿಗೇಡಿಗಾಗಿ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ನಾಲ್ಕು ವರ್ಷ ಮತ್ತೆ ಒಂದು ದಿನವಾಯಿತು. ಅದರ ಬದಿಯಲ್ಲೇ ಓಡಾಡುವ, ರಾಷ್ಟ್ರೀಯ ಪತ್ರಾಗಾರದಲ್ಲಿ ಕುಳಿತು ಸಂಸ್ಥಾನಗಳ ಕಡತಗಳನ್ನು ತಿರುವಬಲ್ಲ ಹೊರನಾಡಿನ ಸಂಶೋಧಕರು ಉಳಿದ ದಿನಗಳ ಲೆಕ್ಕವನ್ನು ಕೈಗೆತ್ತಿಕೊಳ್ಳಬೇಕಾಗಿದೆ. ಲೇಖಕನ ಮನೆಯಲ್ಲಿ ಆ ಕಂಚಿನ ಪದಕ ಇಂದು ಬಟ್ಟೆಯೊಳಗಿಲ್ಲ. ಅದರ ಅಂಚು ಓದುವಂತೆ ಹೊರಗೆ ಇಡಲಾಗಿದೆ.