ಶೀರ್ಷಿಕೆಯಲ್ಲಿಲ್ಲದ ಜೋಡಿ

ಅಸ್ಗರ್ ಫರ್ಹಾದಿಯ ‘ಎ ಸೆಪರೇಶನ್’ (2011) ಮಾತಿಗೆ ಬಂದರೆ ಸಾಕು, ನೋಡಿದವರು ಎರಡು ಗುಂಪಾಗುತ್ತಾರೆ. ಮಗಳ ಭವಿಷ್ಯಕ್ಕಾಗಿ ಇರಾನ್ ಬಿಟ್ಟು ಹೋಗೋಣ ಎನ್ನುವ ಸಿಮಿನ್ ಸರಿಯೋ, ಮರೆವಿನ ರೋಗದ ಅಪ್ಪನನ್ನು ಬಿಟ್ಟು ಬರಲಾರೆ ಎನ್ನುವ ಗಂಡ ನಾದೆರ್ ಸರಿಯೋ? ಚಿತ್ರವೇ ಈ ಚಪಲ ಹುಟ್ಟಿಸುತ್ತದೆ. ಮೊದಲ ದೃಶ್ಯದಲ್ಲಿ ಇಬ್ಬರೂ ಕ್ಯಾಮೆರಾ ಕಡೆ ಮುಖ ಮಾಡಿ ಕೂತು ವಾದಿಸುತ್ತಾರೆ. ನ್ಯಾಯಾಧೀಶರು ಕಾಣುವುದಿಲ್ಲ, ದನಿ ಮಾತ್ರ. ಅವರ ಕುರ್ಚಿಯಲ್ಲಿ ಕೂತವರು ನಾವು.

ಈ ವಾದದಲ್ಲಿ ನನಗೆ ಹೆಚ್ಚು ಆಸಕ್ತಿ ಇಲ್ಲ. ಚಿತ್ರದ ಪರ್ಷಿಯನ್ ಶೀರ್ಷಿಕೆಯಲ್ಲಿ ನಾದೆರ್, ಸಿಮಿನ್ ಹೆಸರುಗಳಷ್ಟೇ ಇವೆ. ನನ್ನನ್ನು ಕಾಡುವ ದಾಂಪತ್ಯ ಆ ಶೀರ್ಷಿಕೆಯಲ್ಲಿ ಜಾಗ ಸಿಗದವರದು: ಕೆಲಸದ ಹೆಂಗಸು ರಝಿಯೆ ಮತ್ತು ಅವಳ ಗಂಡ ಹೊಜ್ಜತ್.

ಸಿಮಿನ್ ತವರಿಗೆ ಹೋದ ಮೇಲೆ ಮುದುಕನನ್ನು ನೋಡಿಕೊಳ್ಳಲು ಬರುವವಳು ರಝಿಯೆ. ಗರ್ಭಿಣಿ, ಜೊತೆಗೊಂದು ಪುಟ್ಟ ಮಗಳು. ಗಂಡ ಚಪ್ಪಲಿ ಅಂಗಡಿಯ ಕೆಲಸ ಕಳೆದುಕೊಂಡು ಸಾಲದಲ್ಲಿ ಮುಳುಗಿದ್ದಾನೆ. ಹೆಂಡತಿ ಪರರ ಮನೆಗೆ ದುಡಿಯಲು ಹೋಗುತ್ತಿರುವುದು ಅವನಿಗೆ ಗೊತ್ತಿಲ್ಲ. ಮೊದಲ ದಿನವೇ ಮುದುಕ ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಅವಳು ಬಟ್ಟೆ ಬದಲಿಸುವ ಮೊದಲು ಧಾರ್ಮಿಕ ಸಲಹೆ ಕೊಡುವವರಿಗೆ ಫೋನ್ ಮಾಡಿ, ಪರಪುರುಷನನ್ನು ಮುಟ್ಟಿದರೆ ಪಾಪವೇ ಎಂದು ಕೇಳುತ್ತಾಳೆ. ಅಪ್ಪನಿಗೆ ಹೇಳುವುದಿಲ್ಲ ಎಂದು ಪುಟ್ಟ ಮಗಳೇ ಭರವಸೆ ಕೊಡುತ್ತಾಳೆ. ಬೇರೆ ನಿರ್ದೇಶಕರ ಕೈಯಲ್ಲಿ ಇದು ನಗೆಯೋ ಮೂಢನಂಬಿಕೆಯ ಪ್ರದರ್ಶನವೋ ಆಗುತ್ತಿತ್ತು. ಫರ್ಹಾದಿ ಇಲ್ಲಿ ಮುಂದಿನ ಕಥೆಯ ಅಸ್ತಿವಾರ ಹಾಕುತ್ತಾನೆ.

ಒಂದು ದಿನ ನಾದೆರ್ ಮನೆಗೆ ಬಂದಾಗ ಅಪ್ಪನ ಕೈ ಮಂಚಕ್ಕೆ ಕಟ್ಟಿದೆ, ರಝಿಯೆ ಇಲ್ಲ, ಡ್ರಾಯರಿನ ಹಣವೂ ಕಡಿಮೆ. ಅವಳು ಹಿಂದಿರುಗಿದಾಗ ಕಳ್ಳಿ ಎಂದು ಬಾಗಿಲಾಚೆ ತಳ್ಳುತ್ತಾನೆ. ಅವಳು ಮೆಟ್ಟಿಲ ಮೇಲೆ ಬೀಳುತ್ತಾಳೆ, ಗರ್ಭ ಹೋಗುತ್ತದೆ. ನಾಲ್ಕೂವರೆ ತಿಂಗಳ ಗರ್ಭವಾದ್ದರಿಂದ ಆರೋಪ ಕೊಲೆಯದು. ಅವಳು ಬಸುರಿ ಎಂದು ನಾದೆರ್‌ಗೆ ಗೊತ್ತಿತ್ತೇ ಎಂಬುದರ ಮೇಲೆ ಪ್ರಕರಣ ನಿಂತಿದೆ. ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಚಿಲ್ಲರೆ ಕೇಳಿ ಪಡೆಯಲು ಮಗಳು ತೆರ್ಮೆಗೆ ಕಲಿಸುವ ತತ್ತ್ವನಿಷ್ಠ ತಂದೆ ಇವನೇ. ಕೊನೆಗೆ ಆ ಹುಡುಗಿಯೂ ಅಪ್ಪನಿಗಾಗಿ ನ್ಯಾಯಾಧೀಶರೆದುರು ಸುಳ್ಳು ಹೇಳಬೇಕಾಗುತ್ತದೆ.

ಓದಿದವನು ಸುಳ್ಳು ಹೇಳಿಯೂ ಮರ್ಯಾದಸ್ಥನಾಗಿ ಉಳಿಯಬಲ್ಲ. ಬ್ಯಾಂಕ್ ನೌಕರ, ಮಾತು ಬಲ್ಲವ, ಪರವಾಗಿ ನಿಲ್ಲಲು ಮಗಳ ಟೀಚರ್ ಇದ್ದಾಳೆ. ವಕೀಲರೇ ಇಲ್ಲದ, ವಿಚಾರಣೆಯ ಆ ಇಕ್ಕಟ್ಟಿನ ಕೋಣೆಯಲ್ಲಿ ಹೊಜ್ಜತ್‌ಗೆ ಇರುವುದು ಕೂಗಾಟ ಮಾತ್ರ. ನಾವೇನು ಹೆಂಡತಿ ಮಕ್ಕಳನ್ನು ಬಡಿಯುವ ಪಶುಗಳೆಂದು ತಿಳಿದಿರಾ ಎಂದು ಅವನು ಸಿಡಿಯುವಾಗ ಆ ಪ್ರಶ್ನೆ ನಾದೆರ್‌ನ ವರ್ಗಕ್ಕೆಲ್ಲ ತಾಗುತ್ತದೆ. ಹೊಜ್ಜತ್ ಆಗಿ ಶಹಾಬ್ ಹೊಸೇನಿಯ ಅಭಿನಯ ಇಲ್ಲಿ ಅಸಾಧಾರಣ.

ಪರಿಹಾರದ ಹಣಕ್ಕೆ ಒಪ್ಪಂದವಾಗುತ್ತದೆ, ಸಾಲ ಕೊಟ್ಟವರು ಹೊಜ್ಜತ್‌ನ ಮನೆಯಲ್ಲೇ ಬಂದು ಕೂತಿದ್ದಾರೆ. ಗರ್ಭ ಹೋದದ್ದು ನನ್ನಿಂದಲೇ ಎಂದು ರಝಿಯೆ ಕುರ್‌ಆನ್ ಮುಟ್ಟಿ ಹೇಳಲಿ, ಹಣ ಕೊಡುತ್ತೇನೆ ಎನ್ನುತ್ತಾನೆ ನಾದೆರ್. ರಝಿಯೆಗೆ ಅನುಮಾನವಿದೆ: ಹಿಂದಿನ ದಿನ ಬೀದಿಗೆ ಹೋದ ಮುದುಕನನ್ನು ಕರೆತರುವಾಗ ಅವಳಿಗೆ ಕಾರು ಬಡಿದಿತ್ತು. ಪಾಪ ನನಗಿರಲಿ, ನೀನು ಹೇಳು ಎಂದು ಅಡುಗೆಮನೆಯಲ್ಲಿ ಗಂಡ ಅಂಗಲಾಚುತ್ತಾನೆ. ಅವಳಿಂದ ಆಗುವುದಿಲ್ಲ, ಆ ಹಣ ಮಗಳಿಗೆ ಕೇಡು ತಂದೀತೆಂಬ ಭಯ. ಇಡೀ ಚಿತ್ರದಲ್ಲಿ ಸತ್ಯಕ್ಕೆ ಪೂರ್ತಿ ಬೆಲೆ ತೆತ್ತವಳು, ಅದನ್ನು ತೆರಲು ಎಲ್ಲರಿಗಿಂತ ಕಡಿಮೆ ಶಕ್ತಿ ಇದ್ದವಳು. ರಝಿಯೆಯಾಗಿ ಸಾರೆ ಬಯಾತ್ ಇಲ್ಲಿ ಹೆಚ್ಚು ಮಾತೇ ಆಡುವುದಿಲ್ಲ.

ಒಂದು ತಕರಾರೂ ಇದೆ. ಡ್ರಾಯರಿನ ಹಣ ಎಲ್ಲಿ ಹೋಯಿತು ಎಂಬುದನ್ನು ಫರ್ಹಾದಿ ನಮ್ಮ ಕಣ್ಣೆದುರೇ ಇಟ್ಟಿದ್ದಾನೆ: ಪಿಯಾನೊ ಇಳಿಸಿದ ಕೂಲಿಯವರಿಗೆ ಸಿಮಿನ್ ಅದರಿಂದಲೇ ಕೊಟ್ಟಳು. ನೋಡದೆ ಹೋದರೆ ತಪ್ಪು ನಮ್ಮದು. ರಸ್ತೆಯ ಅಪಘಾತವನ್ನು ಮಾತ್ರ ಕತ್ತರಿಸಿ ಬಚ್ಚಿಟ್ಟಿದ್ದಾನೆ. ಮೊದಲನೆಯದು ಕಲೆ, ಎರಡನೆಯದು ಪತ್ತೇದಾರಿ ಕಾದಂಬರಿಯ ಕೈಚಳಕ. ಇಷ್ಟು ಪ್ರಾಮಾಣಿಕ ಚಿತ್ರಕ್ಕೆ ಅದು ಬೇಕಿರಲಿಲ್ಲ.

ಚಿತ್ರೀಕರಣದ ನಡುವೆ, ಬಹಿಷ್ಕೃತ ನಿರ್ದೇಶಕರ ಪರ ಸಮಾರಂಭವೊಂದರಲ್ಲಿ ಮಾತಾಡಿದ್ದಕ್ಕೆ ಫರ್ಹಾದಿಯ ಅನುಮತಿಯನ್ನು ಸರಕಾರ ಕೆಲಕಾಲ ತಡೆಹಿಡಿದಿತ್ತು. ಮುಂದೆ ಬರ್ಲಿನ್‌ನಲ್ಲಿ ಚಿನ್ನದ ಕರಡಿಯ ಜೊತೆಗೆ ನಟ, ನಟಿ ಪ್ರಶಸ್ತಿಗಳೆರಡೂ ಇಡೀ ತಂಡಕ್ಕೆ ಹೋದವು. 2012ರಲ್ಲಿ ಇರಾನಿಗೆ ಮೊದಲ ಆಸ್ಕರ್ ಬಂತು.

ಹೊಸದಾಗಿ ನೋಡುವವರಿಗೆ ಒಂದು ಸಲಹೆ: ಇದಕ್ಕೂ ಮೊದಲು ಅವನ ‘ಎಬೌಟ್ ಎಲ್ಲಿ’ (2009) ನೋಡಿ. ಹೆಣಿಗೆಯ ಬಿಗಿಯಲ್ಲಿ ಅದೇ ಮೇಲು. ಆದರೆ ಅದರಲ್ಲಿ ರಝಿಯೆಯಂಥವಳು ಇಲ್ಲ.